ಚಂದ್ರಮತಿಯ ಹಿತವಚನ

ಕನ್ನಡದ ಜೈನಕಾವ್ಯಗಳಲ್ಲಿ ತಾಯಂದಿರಿಗೆ ಕೊರತೆಯಿಲ್ಲ. ತೀರ್ಥಂಕರರ ಜನನಿಯರು ಕಾಣುವ ಹದಿನಾರು ಸ್ವಪ್ನಗಳ ವರ್ಣನೆ ಪುರಾಣಕವಿಗಳಿಗೆ ಅತ್ಯಂತ ಪ್ರಿಯವಾದ ಸಂದರ್ಭ. ಆದರೆ ಅವರಲ್ಲಿ ಹೆಚ್ಚಿನವರು ಹೆತ್ತು, ಹರಸಿ, ಕಥೆಯಿಂದ ಹಿಂದೆ ಸರಿಯುತ್ತಾರೆ. ಬೆಳೆದ ಮಗನು ಸಂಕಟ ಹೊತ್ತು ಎದುರಿಗೆ ಬಂದು ನಿಂತಾಗ ಏನನ್ನು ಹೇಳಬೇಕೆಂಬ ಪ್ರಶ್ನೆ ಅವರನ್ನು ಕಾಡುವುದು ವಿರಳ. ಆ ಪ್ರಶ್ನೆಯನ್ನು ನೇರವಾಗಿ ಎದುರಿಸಿದವಳು ಜನ್ನನ ‘ಯಶೋಧರ ಚರಿತೆ’ಯ ಚಂದ್ರಮತಿ. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಈ ಕವಿಚಕ್ರವರ್ತಿ 1209ರಲ್ಲಿ ರಚಿಸಿದ, ನಾಲ್ಕು ಅವತಾರಗಳ ಈ ಚಿಕ್ಕ ಕಾವ್ಯದ ಬಗ್ಗೆ ವಿಮರ್ಶೆ ಬಹಳಷ್ಟು ಬಂದಿದೆ. ಅದರ ಬಹುಪಾಲು ಅಮೃತಮತಿ ಮತ್ತು ಅಷ್ಟಾವಂಕರ ಸುತ್ತಲೇ ಸುತ್ತಿದೆ. ಚಂದ್ರಮತಿಯನ್ನು ಮೂಢನಂಬಿಕೆಯ ಮುದುಕಿಯೆಂದು ಒಂದು ಮಾತಿನಲ್ಲಿ ಮುಗಿಸಿಬಿಡುವುದು ವಾಡಿಕೆ. ಅದು ಅವಳಿಗೆ ಮಾಡುವ ಅನ್ಯಾಯ; ಕವಿಗೂ ಅನ್ಯಾಯವೇ.

ಅವಳು ಕೆಟ್ಟ ತಾಯಿಯಲ್ಲ. ಪತಿ ಯಶೌಘನು ತಲೆಯಲ್ಲಿ ನರೆಗೂದಲು ಕಂಡು ವಿರಕ್ತನಾಗಿ ಹೊರಟ ಮೇಲೆ ಉಜ್ಜಯಿನಿಯ ಅರಮನೆಯಲ್ಲಿ ಹಿರಿಯರೆಂದು ಉಳಿದವಳು ಅವಳು. ಯಶೋಧರನಾದರೋ ಅಧಿಕಾರಕ್ಕೆ ಬಂದ ಅರಸ, ಮಡದಿಯುಳ್ಳವನು, ಮಗನನ್ನು ಪಡೆದವನು. ಆದರೂ ಆ ಘೋರ ರಾತ್ರಿ ಕಳೆದ ಮೇಲೆ ಅವನು ಹೋದದ್ದು ತಾಯಿಯ ಬಳಿಗೆ. ಹಿಂದಿನ ಇರುಳು ರಾಣಿ ಮಾವಂತನೊಡನಿದ್ದುದನ್ನು ಕಣ್ಣಾರೆ ಕಂಡಿದ್ದಾನೆ. ಎತ್ತಿದ ಕತ್ತಿಯನ್ನು ತಾನೇ ತಡೆದುಕೊಂಡಿದ್ದಾನೆ. ಮಗನ ಮುಖ ನೋಡಿದೊಡನೆ ಏನೋ ಆಗಿದೆಯೆಂದು ತಾಯಿ ಅರಿಯುತ್ತಾಳೆ. ಕೇಳುತ್ತಾಳೆ. ಅವನು ಕೆಟ್ಟ ಕನಸು ಕಂಡೆನೆಂದು ಹೇಳುತ್ತಾನೆ.

ಕಥೆಯ ಗಂಟು ಬಿದ್ದದ್ದು ಇಲ್ಲಿ. ಓದುಗರ ಗಮನ ಸಾಮಾನ್ಯವಾಗಿ ಹಿಟ್ಟಿನ ಕೋಳಿಯ ಮೇಲೆ ನಿಲ್ಲುತ್ತದೆ. ಅದಕ್ಕಿಂತ ಮೊದಲೇ ಸಂಭವಿಸಿದ ಈ ಮರೆಮಾಚುವಿಕೆ ಕಣ್ತಪ್ಪುತ್ತದೆ. ಹೆಂಡತಿಯ ವಿಷಯವನ್ನು ಹೆತ್ತವಳ ಮುಂದೆ ಆಡಲಾರದ ನಾಚಿಕೆ, ಮನೆತನದ ಮಾನದ ಭಯ, ತಾಯಿಗೆ ನೋವಾಗದಿರಲೆಂಬ ಕನಿಕರ, ಎಲ್ಲವೂ ಅದರಲ್ಲಿ ಬೆರೆತಿರಬಹುದು. ಪರಿಣಾಮವಂತೂ ಒಂದೇ. ಚಂದ್ರಮತಿ ಉತ್ತರ ಕೊಟ್ಟದ್ದು ಇಲ್ಲದ ಕನಸಿಗೆ. ದುಃಸ್ವಪ್ನಕ್ಕೆ ಶಾಂತಿ ಮಾಡಿಸಬೇಕು, ದೇವಿಗೆ ಬಲಿ ಕೊಡಬೇಕು ಎಂಬ ಅವಳ ಸಲಹೆ ಅವಳು ಕೇಳಿದ ಪ್ರಶ್ನೆಗೆ ಸರಿಹೊಂದುವಂಥದೇ. ನಿಜಸಂಗತಿ ತಿಳಿದಿದ್ದರೆ ಅವಳು ಏನು ಹೇಳುತ್ತಿದ್ದಳೆಂಬುದಕ್ಕೆ ಕಾವ್ಯ ಎಡೆಗೊಡುವುದಿಲ್ಲ.

ಮಗ ಹಿಂಸೆಯನ್ನು ಒಪ್ಪುವುದಿಲ್ಲ. ಜೀವವಧೆಯಿಂದ ಶಾಂತಿ ದೊರೆಯದೆಂದು ವಾದಿಸುತ್ತಾನೆ. ಆಗ ತಾಯಿ ಎಲ್ಲ ಮನೆಗಳ ಹಿರಿಯರೂ ಬಲ್ಲ ಉಪಾಯವೊಂದನ್ನು ಮುಂದಿಡುತ್ತಾಳೆ: ಜೀವವಿರುವ ಕೋಳಿ ಬೇಡವೆಂದರೆ ಹಿಟ್ಟಿನ ಕೋಳಿಯಾಗಲಿ. ಅವನ ವ್ರತವೂ ಉಳಿಯಿತು, ತನ್ನ ಮಾತೂ ಉಳಿಯಿತು. ಮದುವೆ, ಹಬ್ಬ, ಹರಕೆಗಳ ವಿಚಾರದಲ್ಲಿ ಇಂಥ ನಡುದಾರಿಗಳಿಂದ ಎಷ್ಟೋ ಮನೆಗಳು ಒಡೆಯದೆ ಉಳಿದಿವೆ. ಆ ಜಾಣತನವನ್ನು ಹಗುರವಾಗಿ ಕಾಣಲಾಗದು. ಜನ್ನನ ಕಾಠಿಣ್ಯವಿರುವುದು ಇದೊಂದು ವಿಷಯದಲ್ಲಿ ಮಾತ್ರ. ಕೊಲ್ಲುವುದು ಮತ್ತು ಕೊಲ್ಲದಿರುವುದರ ನಡುವೆ ಅವನು ದಾರಿ ಬಿಡುವುದಿಲ್ಲ. ಜೈನಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ದ್ರವ್ಯಹಿಂಸೆ ತಪ್ಪಿತು, ಭಾವಹಿಂಸೆ ತಪ್ಪಲಿಲ್ಲ. ಕತ್ತಿ ಬಿದ್ದೊಡನೆ ಹಿಟ್ಟಿನ ಕೋಳಿ ಕೂಗಿತು. ಆ ಕೂಗು ಕಿವಿಗೆ ಬಿದ್ದ ಗಳಿಗೆಯಿಂದ ಯಶೋಧರನಿಗೆ ನೆಮ್ಮದಿಯೆಂಬುದಿಲ್ಲ. ಮಗನಿಗೆ ಪಟ್ಟಗಟ್ಟಿ ತಪಸ್ಸಿಗೆ ಹೊರಡಲು ಅಣಿಯಾಗುವಷ್ಟರಲ್ಲಿ ಅಮೃತಮತಿ ತಾಯಿಮಗನಿಬ್ಬರಿಗೂ ವಿಷವಿಕ್ಕುತ್ತಾಳೆ. (ಅಮೃತಮತಿಯೂ ಒಬ್ಬ ತಾಯಿ, ಯಶೋಮತಿಯನ್ನು ಹೆತ್ತವಳು. ಆ ದೃಷ್ಟಿಯಿಂದ ಅವಳನ್ನು ನೋಡಿದವರು ತೀರ ಕಡಿಮೆ.)

ಕರ್ಮದ ಲೆಕ್ಕದಲ್ಲಿ ಯಾರ ಪಾಲು ಎಷ್ಟು? ಮಾತು ತಾಯಿಯದು, ಕೈ ಮಗನದು. ಆ ಮಾತು ಪ್ರೀತಿಯಿಂದ ಬಂದದ್ದು, ಅವನ ಒಪ್ಪಿಗೆ ತಾಯಿಯ ಮೇಲಣ ಗೌರವದಿಂದ. ಕವಿ ಯಾರಿಗೂ ರಿಯಾಯಿತಿ ತೋರುವುದಿಲ್ಲ. ಮಗ ನವಿಲಾದರೆ ತಾಯಿ ನಾಯಿ. ಮಗ ಮೀನಾದರೆ ತಾಯಿ ಮೊಸಳೆ. ನಾಯಿಯೇ ನವಿಲನ್ನು ಕೊಲ್ಲುತ್ತದೆ. ಹಿತ ಬಯಸಿದವಳೇ ಕೊರಳು ಹಿಡಿಯುವ ಈ ಚಿತ್ರ ಕ್ರೂರವೆನಿಸಿದರೂ, ತಾಯಿ ಮಗನನ್ನು ಬಿಟ್ಟಗಲಿದ ಜನ್ಮ ಒಂದೂ ಇಲ್ಲವೆಂಬುದನ್ನು ಮರೆಯುವಂತಿಲ್ಲ.

ಚಂದ್ರಮತಿಯ ತಿಳಿವಳಿಕೆ ಅವಳೊಡನೆ ಅಳಿಯಲಿಲ್ಲವೆಂಬುದು ಇನ್ನೂ ದಾರುಣವಾದ ಸಂಗತಿ. ಬಲಿಯಿಂದ ಒಳಿತಾಗುತ್ತದೆ, ಹಿರಿಯರು ತೃಪ್ತರಾಗುತ್ತಾರೆ ಎಂಬ ನಂಬಿಕೆ ಮೊಮ್ಮಗ ಯಶೋಮತಿಗೆ ಅರಮನೆಯ ಆಸ್ತಿಯಂತೆಯೇ ಬಂದಿದೆ. ಅವನು ತಂದೆಗೆ, ಅಜ್ಜಿಗೆ ಶ್ರದ್ಧೆಯಿಂದ ಶ್ರಾದ್ಧ ಮಾಡಿಸುತ್ತಾನೆ. ಆ ಶ್ರಾದ್ಧದ ಅಡುಗೆಗೆ ಹಿಡಿದು ತಂದ ಮೀನು ಅವನ ತಂದೆಯೇ. ಭಕ್ತಿಯಲ್ಲಿ ಕೊರತೆಯಿಲ್ಲ, ಪ್ರೀತಿಯಲ್ಲಿ ಕಪಟವಿಲ್ಲ. ಹಿರಿಯರಿಂದ ಬಂದದ್ದನ್ನು ಪರೀಕ್ಷಿಸದೆ ಪಾಲಿಸಿದ ಒಬ್ಬ ಒಳ್ಳೆಯ ಮಗ, ಅಷ್ಟೆ.

ಸಾಹಿತ್ಯಚರಿತ್ರೆಯಲ್ಲಿ ಚಂದ್ರಮತಿಯ ಎದುರಿಗೆ ನಿಲ್ಲಿಸಬಹುದಾದ ತಾಯಿ ಅತ್ತಿಮಬ್ಬೆ. ಅವಳು ಚರಿತ್ರೆಯ ವ್ಯಕ್ತಿ, ಇವಳು ಕಥೆಯ ಪಾತ್ರ. ಆದ್ದರಿಂದ ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ಅತ್ತಿಮಬ್ಬೆ ಮತ್ತು ತಂಗಿ ಗುಂಡಮಬ್ಬೆ ಇಬ್ಬರೂ ನಾಗದೇವನ ಮಡದಿಯರು. ನಾಗದೇವ ಯುದ್ಧದಲ್ಲಿ ಮಡಿದಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಮಗ ಅಣ್ಣಿಗನಿಗಾಗಿ ಅತ್ತಿಮಬ್ಬೆ ಉಳಿದಳು. ಅವಳು ಮಗನಿಗೆ ಏನು ಬುದ್ಧಿ ಹೇಳಿದಳೆಂದು ಯಾರೂ ಬರೆದಿಟ್ಟಿಲ್ಲ. 993ರಲ್ಲಿ ರನ್ನನು ಅವಳ ಆಶ್ರಯದಲ್ಲಿ ಬರೆದ ‘ಅಜಿತಪುರಾಣ’ವಾಗಲಿ, 1007ರ ಲಕ್ಕುಂಡಿಯ ಶಾಸನವಾಗಲಿ ಹೇಳುವುದು ಅವಳು ಮಾಡಿದ್ದನ್ನು. ತಂದೆ ಮಲ್ಲಪಯ್ಯನೂ ಚಿಕ್ಕಪ್ಪ ಪುನ್ನಮಯ್ಯನೂ ಪೊನ್ನನಿಂದ ಬರೆಯಿಸಿದ ‘ಶಾಂತಿಪುರಾಣ’ಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ತವರಿನಿಂದ ಬಂದ ಒಂದು ಗ್ರಂಥ ಸಾವಿರವಾಗುವುದನ್ನು, ಓಲೆಗರಿಗಳ ಕಟ್ಟುಗಳು ಸಿದ್ಧವಾಗುವುದನ್ನು ಆ ಮನೆಯ ಮಗ ನೋಡುತ್ತ ಬೆಳೆದಿದ್ದರೆ, ಬಾಯಿಮಾತಿನ ಪಾಠಕ್ಕೆ ಅಲ್ಲಿ ಅಷ್ಟು ಅಗತ್ಯವಿದ್ದಂತೆ ತೋರುವುದಿಲ್ಲ. ಚಂದ್ರಮತಿಯ ಕೈಯಲ್ಲಿದ್ದುದು ಬರಿಯ ಮಾತು, ಅದೂ ಅರ್ಧಸತ್ಯದ ಮೇಲೆ ನಿಂತ ಮಾತು.

ಜನ್ನ ಅವಳನ್ನು ಅಲ್ಲಿಗೇ ಕೈಬಿಡುವುದಿಲ್ಲ. ತಿರ್ಯಗ್ಗತಿಯ ಕೊನೆಯ ಜನ್ಮದಲ್ಲಿ ತಾಯಿಯೂ ಮಗನೂ ಎರಡು ಕೋಳಿಗಳಾಗುತ್ತಾರೆ. ಮುನಿಯ ಧರ್ಮೋಪದೇಶ ಕಿವಿಗೆ ಬಿದ್ದು, ಹಿಂದಿನ ಭವಗಳ ನೆನಪಾಗಿ, ಸಂತೋಷದಿಂದ ಕೂಗುತ್ತಾರೆ. ಆ ದನಿಯನ್ನೇ ಗುರಿಯಾಗಿಸಿ ಯಶೋಮತಿ ಶಬ್ದವೇಧಿ ಬಾಣ ಬಿಡುತ್ತಾನೆ. ಒಂದು ಕೋಳಿಯ ಕೂಗಿನಿಂದ ತೊಡಗಿದ ಭವಾವಳಿ ಎರಡು ಕೋಳಿಗಳ ಕೂಗಿನಿಂದ ತಿರುವು ಪಡೆಯುತ್ತದೆ. ಮರುಜನ್ಮದಲ್ಲಿ ಅವರಿಬ್ಬರೂ ಅದೇ ಯಶೋಮತಿಯ ಅವಳಿಮಕ್ಕಳು, ಅಭಯರುಚಿ ಮತ್ತು ಅಭಯಮತಿ. ತಾಯಿಮಗನಾಗಿದ್ದವರು ಈಗ ಒಂದೇ ಬಸುರನ್ನು ಹಂಚಿಕೊಂಡು ಬಂದ ಅಣ್ಣತಂಗಿಯರು. ಹಿರಿತನದ ಭಾರವಿಲ್ಲ, ಮೀರಲಾಗದ ಆಣತಿಯಿಲ್ಲ.

ಎಳೆಯ ವಯಸ್ಸಿನಲ್ಲೇ ವ್ರತಧಾರಿಗಳಾದ ಈ ಮಕ್ಕಳನ್ನು ಭಟರು ಮಾರಿದತ್ತನ ಬಲಿಪೀಠಕ್ಕೆ ಹಿಡಿದು ತರುತ್ತಾರೆ. ಸುತ್ತಲೂ ಬಲಿಯ ಪ್ರಾಣಿಗಳು, ಎದುರಿಗೆ ಕತ್ತಿ ಹಿರಿದ ಅರಸ. ಅಣ್ಣ ತಂಗಿಗೆ ಧೈರ್ಯ ಹೇಳುತ್ತಾನೆ. ಹಿಂದೊಮ್ಮೆ ಬುದ್ಧಿ ಹೇಳಿದ್ದವಳು ಈಗ ಕೇಳಿಸಿಕೊಳ್ಳುತ್ತಾಳೆ. ನೀವು ಯಾರೆಂದು ಮಾರಿದತ್ತ ಕೇಳಿದಾಗ ಅಭಯರುಚಿ ಕಥೆಯನ್ನು ಮೊದಲಿನಿಂದ ಹೇಳತೊಡಗುತ್ತಾನೆ: ಉಜ್ಜಯಿನಿ, ಅರಮನೆ, ಅಮೃತಮತಿ, ಮಾವಂತ, ಎತ್ತಿ ತಡೆದ ಕತ್ತಿ. ಹಿಂದಿನ ಜನ್ಮದಲ್ಲಿ ಕನಸೆಂದು ಮುಚ್ಚಿಟ್ಟ ಆ ರಾತ್ರಿಯ ಸಂಗತಿಯನ್ನು ಅವನು ಅಪರಿಚಿತ ಅರಸನ ಮುಂದೆ ಒಂದನ್ನೂ ಬಿಡದೆ ಹೇಳುತ್ತಾನೆ. ಅಂದಿನ ತಾಯಿ ಪಕ್ಕದಲ್ಲೇ ನಿಂತಿದ್ದಾಳೆ.