ಹಲ್ಲು ನೋಡಿ ಕೊಂಡ ಮೋಟಾರು

ನಮ್ಮ ತಾತನವರು ಎತ್ತು ಕೊಳ್ಳುವುದರಲ್ಲಿ ಗಟ್ಟಿಗರೆಂದು ದೊಡ್ಡಬಳ್ಳಾಪುರದ ಕಡೆಯ ನಾಲ್ಕಾರು ಹಳ್ಳಿಗಳಲ್ಲಿ ಹೆಸರಾಗಿದ್ದರು. ಘಾಟಿ ಸುಬ್ರಹ್ಮಣ್ಯದಲ್ಲಿ ಪುಷ್ಯಮಾಸದ ತೇರಿಗೆ ಮುಂಚೆ ಸೇರುವ ದನಗಳ ಜಾತ್ರೆಗೆ ಅವರು ಬಾಲಕನಾದ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಹಳ್ಳಿಕಾರ್ ಹೋರಿಯ ತುಟಿಯನ್ನು ಬೆರಳಿನಿಂದೆತ್ತಿ ಹಲ್ಲು ಎಣಿಸುವರು; ಮೈಮೇಲಿನ ಸುಳಿಗಳನ್ನು ಪರೀಕ್ಷಿಸುವರು; ಹತ್ತು ಹೆಜ್ಜೆ ನಡೆಸಿ ಗೊರಸು ನೆಲಕ್ಕೆ ಹೇಗೆ ಬೀಳುವುದೆಂದು ನೋಡುವರು. ಆಮೇಲೆ ದಲ್ಲಾಳಿಯೂ ಅವರೂ ಟವೆಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು, ನಾಲ್ಕು ಜನಕ್ಕೆ ಕೇಳಿಸದಂತೆ ಬೆಲೆಯ ಮಾತನ್ನು ಮುಗಿಸುವರು. ಬಣ್ಣ ಹಚ್ಚಿದ ಕೊಂಬಿನ ಕಡೆಗಾಗಲಿ ಕೊರಳಿನ ಗೆಜ್ಜೆಯ ಕಡೆಗಾಗಲಿ ಅವರ ದೃಷ್ಟಿ ಹೋಗುತ್ತಿರಲಿಲ್ಲ. “ಕೊಂಬು ಹೇಳುವುದು ಒಡೆಯ ಕಲಿಸಿದ ಮಾತನ್ನು, ಹಲ್ಲು ಹೇಳುವುದು ತಾನು ಕಂಡ ದಿನಗಳನ್ನು” ಎನ್ನುತ್ತಿದ್ದರು.

ಇಂಥವರ ಮೊಮ್ಮಗನಾದ ನಾನು ಬಾಗಲಗುಂಟೆಯಲ್ಲಿ ಮನೆಮಾಡಿ ಇಪ್ಪತ್ತು ವರ್ಷಗಳಾದವು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ವೃತ್ತಿ. ಎತ್ತು ಕಟ್ಟುವ ಕಾಲ ಹೋಯಿತು. ಆದರೆ ಕೊಳ್ಳುವ ಚಪಲವು ರಕ್ತದಲ್ಲಿಯೇ ಇರುವುದೋ ಏನೋ, ಕಳೆದ ವರ್ಷ ನನಗೆ ಒಂದು ಹಳೆಯ ಮೋಟಾರಿನ ಮೇಲೆ ಮನಸ್ಸು ಬಿದ್ದಿತು. ಅದು ಸ್ಕೋಡಾ ಲಾರಾ ಆರ್‌ಎಸ್ ಎಂಬ ಕಾರು. ೧೮೯೫ರಲ್ಲಿ ಬೊಹೆಮಿಯ ದೇಶದ ಮ್ಲಾದಾ ಬೋಲೆಸ್ಲಾವ್ ಎಂಬ ಊರಿನಲ್ಲಿ ಲೌರಿನ್, ಕ್ಲೆಮೆಂಟ್ ಎಂಬಿಬ್ಬರು ಬೈಸಿಕಲ್ಲಿನ ಕೆಲಸದಿಂದ ಆರಂಭಿಸಿದ ಕಾರ್ಖಾನೆಯೇ ಈ ಹೆಸರಿಗೆ ಮೂಲ. ಅವರ ಆಕ್ಟೇವಿಯಾ ಕಾರಿನ ಎರಡನೆಯ ಪೀಳಿಗೆಯನ್ನು ನಮ್ಮ ದೇಶದಲ್ಲಿ ಲಾರಾ ಎಂದು ಕರೆದರು. ೨೦೧೧ರಲ್ಲಿ ಅದರಲ್ಲಿಯೇ ವೇಗಪ್ರಿಯರಿಗೆಂದು ಈ ಆರ್‌ಎಸ್ ಬಂದಿತು. ನೋಡಲು ಸಂಸಾರಸ್ಥರ ಕಾರು: ನಾಲ್ಕು ಬಾಗಿಲು, ಮದುವೆಯ ಸಾಮಾನೆಲ್ಲ ಹಿಡಿಸುವಷ್ಟು ದೊಡ್ಡ ಡಿಕ್ಕಿ. ಒಳಗೆ ಮಾತ್ರ ಟರ್ಬೋ ಕೂಡಿಸಿದ ಪೆಟ್ರೋಲ್ ಇಂಜಿನು, ೧೬೦ ಅಶ್ವಶಕ್ತಿ. ಪಂಚೆಯುಟ್ಟ ಗೃಹಸ್ಥನು ಗರಡಿಯಲ್ಲಿ ಸಾಮು ಮಾಡಿ ಬಂದಂತೆ!

ಈ ಹೋಲಿಕೆಯನ್ನು ಮನೆಯಾಕೆಗೆ ಹೇಳಿದೆನು. ಆಕೆ ಹೂ ಕಟ್ಟುತ್ತಿದ್ದವಳು ತಲೆಯೆತ್ತದೆ, “ಬೇರೆ ಕಾರುಗಳಿಗಿಂತ ಬೇಗ ಓಡುತ್ತದೆ ಅಂತೀರಿ. ನಮ್ಮ ಹೆಸರಘಟ್ಟ ರಸ್ತೆಯಲ್ಲಿ ಸಾಯಂಕಾಲ ಆರು ಗಂಟೆಗೂ ಬೇಗ ಓಡುತ್ತದೆಯೇನ್ರೀ?” ಎಂದಳು. ಇದಕ್ಕೆ ಉತ್ತರವಿರಲಿಲ್ಲ. ಕೊನೆಗೆ ಆಕೆ ಎರಡು ಕಟ್ಟಳೆಗಳನ್ನು ಹಾಕಿ ಒಪ್ಪಿದಳು: ಮಗಳ ಕಾಲೇಜಿಗೆಂದು ಇಟ್ಟ ಗಂಟನ್ನು ಮುಟ್ಟಕೂಡದು; ನಮ್ಮ ಹಳೆಯ ಸಣ್ಣ ಕಾರನ್ನು ಮಾರಿದ ಹಣವೂ ಸೇರಿ ಐದು ಲಕ್ಷದ ಮೇಲೆ ಒಂದು ರೂಪಾಯಿಯೂ ಖರ್ಚಾಗಕೂಡದು. ಕೈಯಲ್ಲಿ ಉಳಿತಾಯದ ೨,೯೦,೦೦೦ ಇದ್ದಿತು. ಹಳೆಯ ಕಾರಿಗೆ ೨,೧೦,೦೦೦ ಬರುವುದೆಂದು ಲೆಕ್ಕ ಹಾಕಿದ್ದೆವು.

ಮಾರುವವನು ನಮ್ಮ ಬಡಾವಣೆಯವನೇ. ಮೂವತ್ತರ ಒಳಗಿನ ಯುವಕ. ಮನೆಯಲ್ಲಿ ಕೈಗೂಸು ಬಂದ ಮೇಲೆ ಹಣದ ಅಗತ್ಯವೂ ಹೆಚ್ಚಿತು, ವೇಗದ ಹುಚ್ಚೂ ಇಳಿಯಿತು ಎಂದು ನಗುತ್ತ ಹೇಳಿದನು. ಅವನು ಕೇಳಿದ ಬೆಲೆ ೫,೨೫,೦೦೦. ಗಾಡಿ ೨೦೧೨ರದು, ಕೆಎ ೦೪ ನಂಬರು, ಮೀಟರಿನಲ್ಲಿ ೬೪,೦೦೦ ಕಿಲೋಮೀಟರು.

ದಾಸರಹಳ್ಳಿಯ ಮೇಸ್ತ್ರಿಯೊಬ್ಬರನ್ನು ಕರೆದುಕೊಂಡು ಭಾನುವಾರ ಬೆಳಗ್ಗೆ ಆರು ಗಂಟೆಗೆ ಹೋದೆನು. ಅವರು ಮೊದಲು ಮಾಡಿದ ಕೆಲಸ ಬಾನೆಟ್ಟಿನ ಮೇಲೆ ಅಂಗೈ ಇಟ್ಟುದು. ರಾತ್ರಿಯೆಲ್ಲ ನಿಂತು ತಣ್ಣಗಾದ ಇಂಜಿನೇ ನಿಜ ಹೇಳುವುದಂತೆ. ಮೊದಲೇ ಚಾಲೂ ಮಾಡಿ ಬಿಸಿಮಾಡಿದ್ದರೆ ಕೆಲವು ಸದ್ದುಗಳೂ ಹೊಗೆಯೂ ಅಡಗಿಹೋಗುವುವು. ತಣ್ಣಗಿದ್ದಿತು. ಚಾಲೂ ಮಾಡಿಸಿ, ಹಿಂದೆ ಹೋಗಿ ನಿಂತರು. “ನೀಲಿ ಹೊಗೆಯಾದರೆ ಆಯಿಲ್ ಸುಡುತ್ತಿದೆ, ಕಪ್ಪಾದರೆ ಪೆಟ್ರೋಲು ಹೆಚ್ಚು, ಬಿಳಿಯದು ಇಂಜಿನು ಬಿಸಿಯಾದ ಮೇಲೂ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಹೋಗುತ್ತಿದೆ, ಸಾರ್” ಎಂದರು. ಯಾವುದೂ ಇರಲಿಲ್ಲ. ಈ ಇಂಜಿನಿನಲ್ಲಿ ಬೆಲ್ಟಿಗೆ ಬದಲು ಚೈನಿರುವುದರಿಂದ, ಚಾಲೂ ಆದ ಮೊದಲ ಕ್ಷಣಗಳಲ್ಲಿ ಗಲಗಲ ಸದ್ದು ಬರುವುದೇ ಎಂದು ಕಿವಿಗೊಟ್ಟರು. ಬರಲಿಲ್ಲ.

ಬಳಿಕ ಜೇಬಿನಿಂದ ಅಯಸ್ಕಾಂತವೊಂದನ್ನು ತೆಗೆದು ಬಟ್ಟೆಯಲ್ಲಿ ಸುತ್ತಿ, ಬಾಗಿಲು ಮಡ್‌ಗಾರ್ಡುಗಳ ಮೇಲೆ ಆಡಿಸಿದರು. ಪುಟ್ಟಿ ತುಂಬಿದ ಕಡೆ ಅದು ಹಿಡಿಯುವುದಿಲ್ಲ. ಬಾನೆಟ್ಟಿನ ಬೋಲ್ಟುಗಳ ಬಣ್ಣ ಕಿತ್ತಿದೆಯೇ, ಬಾಗಿಲಿನ ರಬ್ಬರಿಗೆ ಪೇಂಟು ತಾಗಿದೆಯೇ ಎಂದು ನೋಡಿದರು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನು ನನಗೆ ಓದಿಸಿದರು: ೩೫೧೯ ಎಂದರೆ ೨೦೧೯ನೆಯ ಇಸವಿಯ ೩೫ನೆಯ ವಾರದಲ್ಲಿ ಮಾಡಿದ್ದು. ಗೀರು ಸವೆದಿಲ್ಲದಿದ್ದರೂ ಐದಾರು ವರ್ಷದ ರಬ್ಬರು ಬಿರುಸಾಗಿ ಹಿಡಿತ ಕಳೆದುಕೊಳ್ಳುವುದರಿಂದ, ವೇಗದ ಗಾಡಿಗೆ ಇದನ್ನು ಮೊದಲು ಬದಲಾಯಿಸಬೇಕೆಂದರು. ಶೇಕಡ ೨೦ ಎಥೆನಾಲ್ ಬೆರೆತ ಪೆಟ್ರೋಲು ಬರುವುದಕ್ಕೆ ಬಹಳ ಮುಂಚಿನ ಗಾಡಿಯಾದುದರಿಂದ ಪೆಟ್ರೋಲಿನ ರಬ್ಬರು ಪೈಪುಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿದರು.

ಆಮೇಲೆ ಓಡಿಸಿ ನೋಡುವ ಸರದಿ. ಬೆಳಗಿನ ಹೊತ್ತು, ಚಿಕ್ಕಬಾಣಾವರವನ್ನು ದಾಟಿ ಹೆಸರಘಟ್ಟದ ಕಡೆಗೆ ಹೊರಟೆವು. ವಾಚಕ ಮಹಾಶಯರಲ್ಲಿ ನಿಜವನ್ನೇ ಅರಿಕೆ ಮಾಡುವೆನು: ಮೂರನೆಯ ಗೇರಿನಲ್ಲಿ ಕಾಲನ್ನು ಸ್ವಲ್ಪ ಒತ್ತಿದೊಡನೆ ಬೆನ್ನು ಸೀಟಿಗೆ ಅಂಟಿಕೊಂಡು, ಮರಗಳ ಸಾಲು ಹಿಂದಕ್ಕೆ ಹರಿದಾಗ, ನಾನು ಐವತ್ತರ ಗುಮಾಸ್ತನೆಂಬುದು ಮರೆತುಹೋಯಿತು. ತಿರುವಿನಲ್ಲಿ ಗಾಡಿ ನೆಲವನ್ನು ಕಚ್ಚಿ ಹಿಡಿದಂತೆ ಹೋಯಿತು. ಪಕ್ಕದಲ್ಲಿದ್ದ ಮೇಸ್ತ್ರಿ ಮಾತ್ರ ನನ್ನ ಸಂತೋಷವನ್ನು ಗಮನಿಸದೆ, ನನ್ನ ಪಾದಗಳನ್ನೇ ನೋಡುತ್ತಿದ್ದರು. ಕೆರೆಯ ಬಳಿ ನಿಲ್ಲಿಸಿದಾಗ ಬಗ್ಗಿ ಕ್ಲಚ್ಚಿನ ಪೆಡಲನ್ನು ತೋರಿಸಿದರು. ಅದರ ರಬ್ಬರಿನ ಗೀರುಗಳೆಲ್ಲ ಸವೆದು ಒಂದು ಅಂಚು ಬೋಳಾಗಿದ್ದಿತು. ಸ್ಟೀರಿಂಗಿನ ಚರ್ಮ ನುಣುಪಾಗಿ ಮಿರುಗುತ್ತಿದ್ದಿತು. ಚಾಲಕನ ಸೀಟಿನ ಬಲಪಕ್ಕ ಕುಸಿದಿದ್ದಿತು. “ಸಾರ್, ಅರವತ್ನಾಲ್ಕು ಸಾವಿರಕ್ಕೆ ಇಷ್ಟು ಸವೆಯುವುದಿಲ್ಲ” ಎಂದರು. ನನಗೆ ತಾತನವರ ಬೆರಳು ಹೋರಿಯ ತುಟಿಯನ್ನು ಎತ್ತಿದ್ದು ಕಣ್ಣಿಗೆ ಕಟ್ಟಿತು.

ಹಿಂದಿರುಗಿ, ಕಾಗದಪತ್ರಗಳನ್ನು ನೋಡಲು ಕುಳಿತೆವು. ಇಲ್ಲಿ ಅಧಿಕಾರ ನನ್ನದು. ಆರ್‌ಸಿಯಲ್ಲಿನ ಛಾಸಿ ನಂಬರು ಗಾಡಿಯ ಮೇಲಿನದಕ್ಕೆ ಸರಿಯಾಗಿದ್ದಿತು. ಸಾಲದ ನಮೂದಿರಲಿಲ್ಲ, ದಂಡದ ಚಲನ್ನುಗಳೂ ಬಾಕಿಯಿರಲಿಲ್ಲ. ನೋಂದಣಿಯ ಹದಿನೈದು ವರ್ಷದ ಅವಧಿ ೨೦೨೭ಕ್ಕೆ ಮುಗಿಯುವುದು. ಮುಂದೆ ತಪಾಸಣೆ ಮಾಡಿಸಿ ಐದು ವರ್ಷಗಳಿಗೆ ನವೀಕರಿಸಿಕೊಳ್ಳಬೇಕು. ಯುವಕನಿಗೆ ವಿಮೆಯಲ್ಲಿ ದೊರೆಯುತ್ತಿದ್ದ ನೋ ಕ್ಲೇಮ್ ಬೋನಸ್ಸು ಗಾಡಿಯದಲ್ಲ, ಅವನದು. ಅದು ನನಗೆ ಬರುವುದಿಲ್ಲ. ಇದೆಲ್ಲವನ್ನೂ ಬರೆದುಕೊಂಡು, ಕೊನೆಗೆ ಗಾಡಿಯ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿದ್ದ ಕೈಪಿಡಿಯನ್ನು ತಿರುವಿದೆನು. ಅದರ ರಟ್ಟಿನ ಒಳಗೆ ಮಡಿಸಿದ ಬಿಲ್ಲೊಂದು ಸಿಕ್ಕಿಕೊಂಡಿದ್ದಿತು. ತಾರೀಖು ೨೦೧೯ರ ನವೆಂಬರು. ಗಾಡಿಯ ನಂಬರು ಇದೇ. ಓಡಿದ ದೂರ ೮೩,೨೬೦ ಕಿಲೋಮೀಟರು.

ಮೇಸ್ತ್ರಿ ನನ್ನ ಭುಜದ ಮೇಲಿನಿಂದ ಅದನ್ನು ಓದಿದರು. ಹೊರಗೆ ಕರೆದು, “ಬಿಲ್ಲಿನ ಮಾತು ಎತ್ತಬೇಡಿ, ಸಾರ್. ಗಾಡಿ ಒಳ್ಳೆಯದೇ. ಟೈರು, ಬ್ರೇಕು, ಕ್ಲಚ್ಚು ಎಂದು ಹೇಳಿ ಬೆಲೆ ಇಳಿಸೋಣ. ನಾಳೆ ನೀವು ಮಾರುವಾಗ ಮೀಟರು ನಿಮಗೂ ಅನುಕೂಲವೇ” ಎಂದರು. ಬುದ್ಧಿವಂತಿಕೆಯ ಮಾತು. ಟವೆಲಿನ ಕೆಳಗೆ ನನ್ನ ಕೈಯನ್ನು ಯಾರೋ ಹಿಡಿದಂತಾಯಿತು. ಒಂದು ನಿಮಿಷ ಸುಮ್ಮನೆ ನಿಂತೆನು. ಆ ಮಾತು ನನಗೆ ಹಿತವಾಗಿಯೇ ಇದ್ದಿತೆಂಬುದನ್ನು ಮರೆಮಾಚಲಾರೆ.

ಒಳಗೆ ಬಂದಾಗ ಯುವಕನ ಹೆಂಡತಿ ಮಗುವನ್ನು ಎತ್ತಿಕೊಂಡು ಕಾಫಿ ತಂದಿಟ್ಟಳು. ನಾನು ಬಿಲ್ಲನ್ನು ಮೇಜಿನ ಮೇಲೆ ಬಿಚ್ಚಿ ಇಟ್ಟೆನು. ಯುವಕನು ಓದಿದನು, ಇನ್ನೊಮ್ಮೆ ಓದಿದನು, ಮುಖದ ನಗು ಆರಿತು. “ಸಾರ್, ೨೦೨೨ರಲ್ಲಿ ನಾನು ಕೊಂಡಾಗ ಮೀಟರಿನಲ್ಲಿ ನಲವತ್ತೊಂದು ಸಾವಿರ ಇತ್ತು. ಅದಕ್ಕೆ ತಕ್ಕ ಬೆಲೆಯನ್ನೇ ಕೊಟ್ಟೆ” ಎಂದನು. ಲೆಕ್ಕ ಕಷ್ಟದ್ದಲ್ಲ: ಅವನು ಓಡಿಸಿದ್ದು ೨೩,೦೦೦, ಬಿಲ್ಲಿನ ೮೩,೨೬೦ಕ್ಕೆ ಅದನ್ನು ಕೂಡಿಸಿದರೆ ೧,೦೬,೨೬೦. ಬಿಲ್ಲಿಗೂ ಅವನು ಕೊಂಡುದಕ್ಕೂ ನಡುವಿನ ಮೂರು ವರ್ಷಗಳ ಓಟವನ್ನು ಬಲ್ಲವರಾರು? ಆ ಮೂರು ವರ್ಷಗಳಲ್ಲಿ ಯಾವನೋ ಒಬ್ಬನು ಅಂಕಿಗಳನ್ನು ಹಿಂದಕ್ಕೆ ತಿರುಗಿಸಿದ್ದನು. ಆ ಸುಳ್ಳನ್ನು ಈ ಯುವಕನು ಅರಿಯದೆ ಹೊತ್ತು, ಅರಿಯದೆ ನನಗೆ ದಾಟಿಸಲು ಹೊರಟಿದ್ದನು.

ಅವನು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ, “ನೀವು ಬೇಡವೆಂದು ಹೋದರೆ, ಮುಂದೆ ಬರುವವರಿಗೆ ಇದನ್ನು ಹೇಳಲೇ, ಸಾರ್? ನಿಮ್ಮಂತೆ ಎಲ್ಲರೂ ಕೈಪಿಡಿ ಬಿಚ್ಚುವುದಿಲ್ಲ” ಎಂದು ಕೇಳಿದನು. ಹಿರಿಯರಿಗೆ ಉಪದೇಶವೆಂಬುದು ನಾಲಗೆಯ ತುದಿಯಲ್ಲಿಯೇ ಇರುವುದಷ್ಟೆ, “ಹೇಳಲೇಬೇಕಪ್ಪ. ಸುಳ್ಳು ಎಲ್ಲಿಯಾದರೂ ಒಂದು ಕಡೆ ನಿಲ್ಲಬೇಕಲ್ಲ” ಎಂದುಬಿಟ್ಟೆನು. ಎರಡು ದಿನ ಅವಕಾಶ ಕೇಳಿ ಮನೆಗೆ ಬಂದೆನು. ದಾರಿಯುದ್ದಕ್ಕೂ ನನ್ನ ನ್ಯಾಯನಿಷ್ಠೆಗೆ ನಾನೇ ತಲೆದೂಗುತ್ತಿದ್ದೆನು.

ಮನೆಯಾಕೆ ಎಲ್ಲವನ್ನೂ ಕೇಳಿ, “ಪಾಪದ ಹುಡುಗ” ಎಂದಳು. ಆಮೇಲೆ ಮೆಲ್ಲಗೆ, “ನಮ್ಮ ಕಾರಿಗೆ ನೀರು ನುಗ್ಗಿದ್ದನ್ನು ಅದನ್ನು ನೋಡಲು ಬರುವವರಿಗೆ ಹೇಳಿದ್ದೀರಾ?” ಎಂದು ಕೇಳಿದಳು.

ಹೇಳಿರಲಿಲ್ಲ. ೨೦೨೨ರ ಸೆಪ್ಟೆಂಬರಿನ ಮಳೆಯಲ್ಲಿ, ನಗರದ ಪೂರ್ವದ ಬಡಾವಣೆಗಳಲ್ಲಿ ದೋಣಿ ಟ್ರಾಕ್ಟರುಗಳು ಜನರನ್ನು ಸಾಗಿಸುತ್ತಿದ್ದಾಗ, ಬೆಳ್ಳಂದೂರಿನ ನೆಂಟರ ಮನೆಗೆ ಹೋಗಿದ್ದ ನಮ್ಮ ಕಾರು ಸೀಟಿನ ಮಟ್ಟದ ನೀರಿನಲ್ಲಿ ಒಂದು ರಾತ್ರಿ ನಿಂತಿದ್ದಿತು. ಒಣಗಿಸಿ, ಹಾಸು ಬದಲಾಯಿಸಿ, ವೈರುಗಳನ್ನು ಸರಿಪಡಿಸಿದ್ದೆವು. ಅಂದಿನಿಂದ ಚೆನ್ನಾಗಿಯೇ ಓಡುತ್ತಿದ್ದಿತು. ಆದರೆ ಹಾಸಿನ ಕೆಳಗಿನ ತುಕ್ಕು ಮುಂದೆಂದಾದರೂ ಮಾತಾಡಿಯೇ ತೀರುವುದು. “ಅವರು ಕೇಳಲಿಲ್ಲ” ಎಂದೆನು. “ಆ ಹುಡುಗನನ್ನೂ ನೀವು ಕೇಳಿರಲಿಲ್ಲ” ಎಂದು ಆಕೆ ಒಳಗೆ ಹೋದಳು.

ಆ ರಾತ್ರಿ ನಿದ್ರೆ ತಡವಾಗಿ ಬಂದಿತು. ಮೀಟರು ತಿರುಗಿಸಿದವನು ಠಕ್ಕನೆಂದು ಹೇಳಲು ನನಗೆ ಒಂದು ಕ್ಷಣವೂ ಬೇಕಾಗಿರಲಿಲ್ಲ. ಸುಮ್ಮನಿದ್ದುದರಿಂದಲೇ ಸುಳ್ಳು ಹೇಳಿದವನನ್ನು ಏನೆಂದು ಕರೆಯಬೇಕೋ ತಿಳಿಯಲಿಲ್ಲ. ಮೂವತ್ತು ವರ್ಷ ಲೆಕ್ಕ ಬರೆದವನು ಒಂದು ಖರ್ಚನ್ನು ಪುಸ್ತಕದಿಂದ ಹೊರಗಿಟ್ಟು ಲಾಭ ತೋರಿಸುತ್ತಿದ್ದೆನು.

ಮರುದಿನ ನಮ್ಮ ಕಾರನ್ನು ಕೊಳ್ಳಲು ಬಂದ ಶಾಲಾ ಶಿಕ್ಷಕರಿಗೆ ರಿಪೇರಿಯ ಬಿಲ್ಲುಗಳನ್ನೇ ಮೊದಲು ಕೊಟ್ಟೆನು. ಅವರು ಯೋಚಿಸಿ, ತಮ್ಮ ಕಡೆಯ ಮೆಕ್ಯಾನಿಕ್ಕಿನಿಂದ ನೋಡಿಸಿ, ೧,೭೫,೦೦೦ಕ್ಕೆ ಒಪ್ಪಿದರು. ಸತ್ಯದ ಬೆಲೆ ೩೫,೦೦೦ ರೂಪಾಯಿಯಾಯಿತು. ೨೯, ೩೦ನೆಯ ನಮೂನೆಗಳಿಗೆ ಅಂದೇ ರುಜು ಮಾಡಿ, ಹದಿನಾಲ್ಕು ದಿನಗಳೊಳಗಾಗಿ ಹೆಸರು ಬದಲಾವಣೆಗೆ ಸಲ್ಲಿಸಿದೆವು. ಇದರಲ್ಲಿ ಯಾರೂ ಉದಾಸೀನ ಮಾಡಬಾರದು. ಗಾಡಿ ಯಾರ ಕೈಯಲ್ಲಿದ್ದರೂ ದಾಖಲೆಯಲ್ಲಿ ಹೆಸರಿರುವವನೇ ಒಡೆಯನೆಂದೂ, ಅಪಘಾತದ ಪರಿಹಾರದ ಹೊಣೆ ಅವನದೇ ಎಂದೂ ಸರ್ವೋಚ್ಚ ನ್ಯಾಯಾಲಯವು ೨೦೧೮ರಲ್ಲಿ ತೀರ್ಪು ಕೊಟ್ಟಿದೆ.

ಇತ್ತ ಯುವಕನೇ ಫೋನು ಮಾಡಿ, “ಬಿಲ್ಲಿನ ಪ್ರಕಾರ ನೀವೇ ಬೆಲೆ ಹೇಳಿ, ಸಾರ್” ಎಂದನು. ನಾಲ್ಕು ಲಕ್ಷಕ್ಕೆ ಮುಗಿಯಿತು. ಮೇಸ್ತ್ರಿಯ ಪಟ್ಟಿಯಲ್ಲಿ ಟೈರು ಬ್ರೇಕುಗಳಿಗೆ ೬೦,೦೦೦, ಕ್ಲಚ್ಚಿಗೆ ೪೦,೦೦೦ ಇದ್ದಿತು. ಕೈಯಲ್ಲಿದ್ದುದು ೪,೬೫,೦೦೦ ಮಾತ್ರ. ಆದುದರಿಂದ ಪ್ರಾಣ ಕಾಯುವ ಟೈರು ಬ್ರೇಕುಗಳು ಮೊದಲಾದವು. ಕ್ಲಚ್ಚು ಬೋನಸ್ಸಿನವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಏರಿನಲ್ಲಿ ಗಾಡಿ ಸ್ವಲ್ಪ ಏದುಸಿರು ಬಿಡುತ್ತಿದ್ದಿತು. ಆ ಏದುಸಿರು ನನಗೆ ೩೫,೦೦೦ ರೂಪಾಯಿಯ ರಸೀದಿಯಂತೆ ಕೇಳಿಸುತ್ತಿದ್ದಿತು.

ಕೊಂಡದ್ದು ತಪ್ಪಾಯಿತೇ? ಇಲ್ಲವೆಂದೇ ನನ್ನ ಭಾವನೆ. ಗೊತ್ತಿರುವ ದೋಷವನ್ನು ಲೆಕ್ಕಕ್ಕೆ ಬರೆದುಕೊಳ್ಳಬಹುದು. ಗೊತ್ತಿಲ್ಲದ ಗುಣಕ್ಕೆ ಬೆಲೆ ಕಟ್ಟುವುದೇ ಕಷ್ಟ. ಸಾಯಂಕಾಲ ಆರು ಗಂಟೆಗೆ ಹೆಸರಘಟ್ಟ ರಸ್ತೆಯಲ್ಲಿ ೧೬೦ ಅಶ್ವಗಳೂ ಆಟೋಗಳ ಹಿಂದೆ ತಲೆತಗ್ಗಿಸಿ ಹೆಜ್ಜೆ ಹಾಕುತ್ತವೆ. ಪಕ್ಕದಲ್ಲಿ ಕುಳಿತ ಮನೆಯಾಕೆ ಏನೂ ಹೇಳುವುದಿಲ್ಲ, ನಗುತ್ತಾಳೆ ಅಷ್ಟೆ. ಆ ಹಳೆಯ ಬಿಲ್ಲು ಈಗಲೂ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿದೆ. ಆದರೆ ಕೈಪಿಡಿಯ ಒಳಗಲ್ಲ. ಮುಂದೆ ಕೊಳ್ಳುವವರು ಮುಚ್ಚಳ ತೆಗೆದೊಡನೆ ಕಾಣಲೆಂದು ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ.