ಎತ್ತು ಏರಿಗೆ, ಕೋಣ ನೀರಿಗೆ

ಸೇರು ಎಂಬುದು ಒಂದೇ ಮಾತು. ಆದರೆ ಹಿಂದಿನ ಸಂತೆಗಳಲ್ಲಿ ಅದಕ್ಕೆ ಎರಡು ಅರ್ಥಗಳಿದ್ದವು. ಬೆಲ್ಲ ಮಾರುವವನಿಗೆ ಅದು ತೂಕದ ಕಲ್ಲು. ಕಾಳು ಮಾರುವವನಿಗೆ ಅಳತೆಯ ಪಾತ್ರೆ. ದಾವಣಗೆರೆಯ ಮಂಡಕ್ಕಿಯನ್ನು ಪಾತ್ರೆಯ ಸೇರಿನಲ್ಲಿ ಅಳೆದುಕೊಟ್ಟು, ಕಲ್ಲಿನ ಸೇರಿನ ಲೆಕ್ಕದಲ್ಲಿ ಹಣ ಕೇಳಿದರೆ ಜಗಳವಾಗದೆ ಉಳಿದೀತೆ? ಆ ಜಗಳದಲ್ಲಿ ಮಾರಿದವನೂ ಸುಳ್ಳನಲ್ಲ, ಕೊಂಡವನೂ ಸುಳ್ಳನಲ್ಲ. ಇಬ್ಬರೂ ತಮ್ಮ ತಮ್ಮ ಸೇರಿಗೆ ಪ್ರಾಮಾಣಿಕರೇ. ತಪ್ಪು ಇರುವುದು ಇಬ್ಬರ ನಡುವಣ ಹೊಸ್ತಿಲಿನಲ್ಲಿ.

ಗಣಕಯಂತ್ರದೊಳಗೂ ಇಂಥ ಸಂತೆಯೊಂದು ನಡೆಯುತ್ತದೆ. ಅಲ್ಲಿಯ ಜಗಳಕ್ಕೆ ಬೆಲೆ ತೆರುವವರು ಮಾತ್ರ ಮಾರುವವರೂ ಅಲ್ಲ, ಕೊಳ್ಳುವವರೂ ಅಲ್ಲ, ಕಣ್ಣು ಕಾಣದವರು.

ದೃಷ್ಟಿಯಿಲ್ಲದವರು ಗಣಕವನ್ನು ಕಿವಿಯಿಂದ ಓದುತ್ತಾರೆ. ತೆರೆಯ ಮೇಲಿನ ಅಕ್ಷರಗಳನ್ನು ಧ್ವನಿಯಾಗಿ ಹೇಳುವ ಸಾಧನಕ್ಕೆ ಸ್ಕ್ರೀನ್ ರೀಡರ್ ಎಂದು ಹೆಸರು. ಆದರೆ ಕಚೇರಿ, ಅಂಗಡಿಗಳಲ್ಲಿ ಬಳಸುವ ಎಲ್ಲ ತಂತ್ರಾಂಶಗಳೂ ಈ ಸಾಧನದ ಅನುಕೂಲವನ್ನು ನೋಡಿ ರಚಿತವಾದವುಗಳಲ್ಲ. ಎಲ್ಲಿ ನೋಡಬೇಕು, ಏನನ್ನು ಮೊದಲು ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅದಕ್ಕೆ ಕಲಿಸಿಕೊಡಬೇಕಾಗುತ್ತದೆ. ಆ ಪಾಠವನ್ನು ಬರೆಯುವುದು ಸ್ಕ್ರಿಪ್ಟ್ ಎಂಬ ಚಿಕ್ಕ ಚಿಕ್ಕ ಆದೇಶಮಾಲೆಗಳಲ್ಲಿ.

ಅಮೆರಿಕದ ಇಂಡಿಯಾನಾ ಸಂಸ್ಥಾನದ ಫೋರ್ಟ್ ವೇನ್ ನಗರದಲ್ಲಿ ಜಿಡಬ್ಲ್ಯು ಮೈಕ್ರೋ ಎಂಬ ಸಂಸ್ಥೆಯಿತ್ತು. ಅದರ ವಿಂಡೋ-ಐಸ್ ಎಂಬ ಸ್ಕ್ರೀನ್ ರೀಡರ್ 2008ರ ಏಳನೆಯ ಆವೃತ್ತಿಯಲ್ಲಿ ಒಂದು ಔದಾರ್ಯವನ್ನು ತೋರಿತು: ಪಾಠವನ್ನು ಇಂಥದೇ ಭಾಷೆಯಲ್ಲಿ ಬರೆಯಬೇಕೆಂಬ ನಿರ್ಬಂಧವಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆ 1993ರಲ್ಲಿ ರೂಪಿಸಿದ ಕಾಮ್ ಎಂಬ ವ್ಯವಸ್ಥೆಯನ್ನು ಬಲ್ಲ ಯಾವ ಭಾಷೆಯಾದರೂ ಸರಿ. ಕಾಮ್ ಎಂದರೆ ಬೇರೆ ಬೇರೆ ಭಾಷೆಗಳಲ್ಲಿ ಹುಟ್ಟಿದ ವಸ್ತುಗಳು ಒಂದನ್ನೊಂದು ಮಾತನಾಡಿಸಲು ಹಾಕಿದ ಸೇತುವೆ. ಹೀಗಾಗಿ ಒಬ್ಬನು ವಿಬಿಸ್ಕ್ರಿಪ್ಟ್‌ನಲ್ಲಿ ಬರೆದನು, ಇನ್ನೊಬ್ಬನು ಜೆಸ್ಕ್ರಿಪ್ಟ್‌ನಲ್ಲಿ. ಇವೆರಡೂ 1996ರಲ್ಲಿ ಒಂದೇ ಮನೆಯಲ್ಲಿ ಹುಟ್ಟಿದ ಭಾಷೆಗಳು. ಒಡಹುಟ್ಟಿದವರ ನಡುವೆ ದುಭಾಷಿಯ ಅಗತ್ಯವೇನು ಎಂದು ಯಾರಾದರೂ ಭಾವಿಸುವುದು ಸಹಜ. ಭಾವಿಸಿದವರು ಮೋಸಹೋದರು.

ದಾವಣಗೆರೆಯ ಸಮೀಪದ ಹದಡಿಯಲ್ಲಿ ಕುಳಿತು, ನಗರದ ಅಂಗಡಿಯೊಂದರ ಲೆಕ್ಕ ಬರೆಯುವ ದೃಷ್ಟಿಹೀನ ತರುಣನೊಬ್ಬನನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ಆತನ ಗಣಕದಲ್ಲಿ ಒಂದು ಸ್ಕ್ರಿಪ್ಟ್ ಬಾಕಿದಾರರ ಪಟ್ಟಿಯನ್ನು ಸಿದ್ಧಪಡಿಸುತ್ತದೆ, ಅದು ಜೆಸ್ಕ್ರಿಪ್ಟ್. ಇನ್ನೊಂದು ಆ ಪಟ್ಟಿಯನ್ನು ಓದಿಹೇಳಬೇಕು, ಅದು ವಿಬಿಸ್ಕ್ರಿಪ್ಟ್. ಪಟ್ಟಿಯಲ್ಲಿ ಆರು ಹೆಸರುಗಳಿವೆ. ತರುಣನು ಕೀಲಿಯನ್ನೊತ್ತುತ್ತಾನೆ. ಗಣಕವು ಮೌನವಾಗಿದೆ. ಈ ದಿನ ಬಾಕಿದಾರರು ಯಾರೂ ಇಲ್ಲವೆಂದು ಆತನು ತಿಳಿಯುತ್ತಾನೆ.

ಆದದ್ದೇನು? ವಿಬಿಸ್ಕ್ರಿಪ್ಟ್‌ಗೆ ಪಟ್ಟಿಯೆಂದರೆ ಸಾಲಾಗಿ ಕಟ್ಟಿದ, ಸಂಖ್ಯೆ ಹಾಕಿದ ಕೋಣೆಗಳು. ಜೆಸ್ಕ್ರಿಪ್ಟ್‌ಗೆ ಪಟ್ಟಿಯೆಂಬುದು ಒಂದು ವಸ್ತು. ಹೆಸರಿನ ಚೀಟಿ ಅಂಟಿಸಿದ ಗಂಟುಗಳನ್ನು ತುಂಬಿದ ಸಂದೂಕ. ಸಂದೂಕವು ಸೇತುವೆಯನ್ನು ದಾಟಿ ಬಂದಾಗ, ಇದು ಪಟ್ಟಿಯೇ ಎಂದು ವಿಬಿಸ್ಕ್ರಿಪ್ಟನ್ನು ಕೇಳಿದರೆ ಅದು ಅಲ್ಲವೆನ್ನುತ್ತದೆ. ಕೊನೆಯ ಕೋಣೆಯ ಸಂಖ್ಯೆಯೇನು ಎಂದರೆ, ಜಾತಿ ಹೊಂದಲಿಲ್ಲವೆಂದು ದೋಷವನ್ನು ಸಾರುತ್ತದೆ. ಅಷ್ಟು ಸಾರಿದ್ದರೆ ಒಳ್ಳೆಯದೇ ಆಗುತ್ತಿತ್ತು. ಆದರೆ ಆ ಭಾಷೆಯಲ್ಲಿ ‘ಆನ್ ಎರರ್ ರೆಸ್ಯೂಮ್ ನೆಕ್ಸ್ಟ್’ ಎಂಬ ಆದೇಶವೊಂದುಂಟು. ಎಡವಿದರೂ ಬಾಯಿಬಿಡದೆ ಮುಂದಕ್ಕೆ ನಡೆ ಎಂದು ಅದರ ಅರ್ಥ. ಬರೆದವನು ಬಳಸುವವರಿಗೆ ಕಿರಿಕಿರಿಯಾಗಬಾರದೆಂಬ ಸದುದ್ದೇಶದಿಂದಲೇ ಅದನ್ನು ಮೊದಲ ಸಾಲಿನಲ್ಲಿ ಹಾಕಿರುತ್ತಾನೆ. ಸ್ಕ್ರಿಪ್ಟ್ ಎಡವಿತು, ಬಾಯಿಬಿಡಲಿಲ್ಲ, ಮುಂದಕ್ಕೆ ನಡೆಯಿತು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಗಾಡಿಯೊಳಗಿದ್ದವನಿಗೆ ಗಾಡಿ ನಿಂತದ್ದೇ ತಿಳಿಯಲಿಲ್ಲ.

ಕಣ್ಣುಳ್ಳವನಿಗೆ ಇದು ಅಲ್ಪ ವಿಷಯ. ತೆರೆಯ ಮೇಲೆ ಆರು ಹೆಸರುಗಳು ಕಾಣುತ್ತಿರುವಾಗ ಯಂತ್ರ ಸುಮ್ಮನಿದ್ದರೆ, ಯಂತ್ರ ಕೆಟ್ಟಿದೆಯೆಂದು ಆತನು ನಕ್ಕಾನು. ಕೇಳಿಯೇ ಓದುವವನಿಗೆ ಆ ಎರಡನೆಯ ಸಾಕ್ಷಿಯಿಲ್ಲ. ಬಿಟ್ಟುಹೋದ ಸಾಲು ಆತನ ಪಾಲಿಗೆ ಬಿಟ್ಟುಹೋದದ್ದಲ್ಲ. ಅದು ಇರಲೇ ಇಲ್ಲ. ಬರಿದಾದ ಪಟ್ಟಿಯ ಮೌನಕ್ಕೂ ಮುರಿದುಬಿದ್ದ ಪಟ್ಟಿಯ ಮೌನಕ್ಕೂ ಸ್ವರದಲ್ಲಿ ಭೇದವಿಲ್ಲ. ಲೆಕ್ಕ ತಪ್ಪಿದಾಗ ಯಜಮಾನನು ಸ್ಕ್ರಿಪ್ಟನ್ನು ಗದರಿಸುವುದಿಲ್ಲ, ತರುಣನನ್ನು ಗದರಿಸುತ್ತಾನೆ. ಎರಡು ಭಾಷೆಗಳ ಹೊಂದಾಣಿಕೆಯೆಂಬ ಈ ಒಣ ವಿಷಯದ ಹಿಂದೆ ಒಬ್ಬನ ಮರ್ಯಾದೆಯೂ ಅನ್ನವೂ ಇವೆ.

ಆದುದರಿಂದ ಚಿಕಿತ್ಸೆಯ ಮೊದಲ ಹೆಜ್ಜೆ ಆ ಬಾಯಿಮುಚ್ಚಿಸುವ ಆದೇಶವನ್ನು ತೆಗೆದುಹಾಕುವುದು. ದೋಷವು ಕೂಗಲಿ; ಕೂಗಿದರೆ ಎಲ್ಲಿದೆಯೆಂದು ತಿಳಿಯುತ್ತದೆ. ಎರಡನೆಯದು, ಹೊಸ್ತಿಲಿನಲ್ಲಿ ನಿಂತು ಬಂದ ವಸ್ತುವಿನ ಕುಲವನ್ನು ವಿಚಾರಿಸುವುದು. ವಿಬಿಸ್ಕ್ರಿಪ್ಟ್‌ನಲ್ಲಿ ಟೈಪ್‌ನೇಮ್ ಎಂದು ಕೇಳಿದರೆ, ಜೆಸ್ಕ್ರಿಪ್ಟ್‌ನ ಸಂದೂಕಕ್ಕೆ ‘ಜೆಸ್ಕ್ರಿಪ್ಟ್‌ಟೈಪ್‌ಇನ್ಫೋ’ ಎಂಬ ಉತ್ತರ ಬರುತ್ತದೆ. ಅತ್ತ ಜೆಸ್ಕ್ರಿಪ್ಟ್‌ನಲ್ಲಿ ಟೈಪ್‌ಆಫ್ ಎಂದು ಕೇಳಿದರೆ, ವಿಬಿಸ್ಕ್ರಿಪ್ಟ್‌ನ ಪಟ್ಟಿಗೆ ‘ಅನ್‌ನೋನ್’, ಎಂದರೆ ಅಪರಿಚಿತ, ಎಂಬ ಉತ್ತರ. ಒಡಹುಟ್ಟಿದವರು ಒಬ್ಬರನ್ನೊಬ್ಬರು ಅಪರಿಚಿತರೆನ್ನುವುದು ಸಂಸಾರಗಳಲ್ಲಿಯೂ ಇಲ್ಲದ ಮಾತಲ್ಲ.

ಮೂರನೆಯದು ಮಾರ್ಪಾಟು. ವಿಬಿಸ್ಕ್ರಿಪ್ಟ್‌ನ ಪಟ್ಟಿಯನ್ನು ತನ್ನದಾಗಿಸಿಕೊಳ್ಳಲು ಜೆಸ್ಕ್ರಿಪ್ಟ್‌ನಲ್ಲಿ ವಿಬಿಅರೇ ಎಂಬ ವಿಶೇಷ ಸಲಕರಣೆಯೇ ಇದೆ. ಇನ್ನೊಂದು ದಿಕ್ಕಿಗೆ ಸುಲಭವಾದ ಉಪಾಯವೆಂದರೆ, ಹೆಸರುಗಳನ್ನೆಲ್ಲ ಅಲ್ಪವಿರಾಮವಿಟ್ಟು ಒಂದೇ ದಾರದಲ್ಲಿ ಪೋಣಿಸಿ ಕಳುಹಿಸಿ, ಆಚೆ ದಡದಲ್ಲಿ ಬಿಡಿಸಿಕೊಳ್ಳುವುದು. ಸರಳ ಅಕ್ಷರಮಾಲೆಯನ್ನು ಎರಡೂ ಭಾಷೆಗಳು ಒಂದೇ ರೀತಿಯಾಗಿ ಅರಿಯುತ್ತವೆ. ಅಲ್ಲಿಯೂ ಎಚ್ಚರ ಬೇಕು. ‘ಹದಡಿ ರಸ್ತೆ, ದಾವಣಗೆರೆ’ ಎಂಬ ವಿಳಾಸವು ದಾರದಲ್ಲಿದ್ದರೆ, ಅದರೊಳಗಿನ ಅಲ್ಪವಿರಾಮದಿಂದ ಒಬ್ಬ ಬಾಕಿದಾರ ಇಬ್ಬರಾಗುತ್ತಾನೆ. ಹೆಸರಿನಲ್ಲಿಯೂ ವಿಳಾಸದಲ್ಲಿಯೂ ಎಂದೂ ಬಾರದ ಚಿಹ್ನೆಯನ್ನೇ ಗಂಟಿಗೆ ಆರಿಸಬೇಕು.

ಎಣಿಕೆಯಲ್ಲಿಯೂ ಭೇದವುಂಟು. ಆರು ಹೆಸರುಗಳ ಪಟ್ಟಿಯನ್ನು ಕುರಿತು ಜೆಸ್ಕ್ರಿಪ್ಟ್ ಆರು ಎನ್ನುತ್ತದೆ, ಏಕೆಂದರೆ ಅದು ಹೇಳುವುದು ಸಂಖ್ಯೆಯನ್ನು. ವಿಬಿಸ್ಕ್ರಿಪ್ಟ್ ಐದು ಎನ್ನುತ್ತದೆ, ಏಕೆಂದರೆ ಅದು ಸೊನ್ನೆಯಿಂದ ಎಣಿಸಿ ಕೊನೆಯ ಕೋಣೆಯ ಗುರುತನ್ನು ಹೇಳುತ್ತದೆ. ಇದನ್ನು ಅರಿಯದೆ ಹೋದರೆ ಆರನೆಯವನು ಎಂದೆಂದಿಗೂ ಬಾಕಿಯಿಂದ ಪಾರಾಗುತ್ತಾನೆ. ನಿಜ ಎಂಬುದನ್ನು ಅಂಕಿಯಾಗಿಸಿದರೆ ಜೆಸ್ಕ್ರಿಪ್ಟ್‌ನಲ್ಲಿ ಒಂದು, ವಿಬಿಸ್ಕ್ರಿಪ್ಟ್‌ನಲ್ಲಿ ಋಣ ಒಂದು. ಹಣ ಕೊಟ್ಟವರು ಮೂವರೆಂದು ಕೂಡಿಸಿದರೆ, ಒಂದು ಕಡೆ ಮೂರು, ಇನ್ನೊಂದು ಕಡೆ ಮೂರರ ಸಾಲ! ಇನ್ನು ಇಲ್ಲ ಎಂಬುದರ ಗತಿ. ಇಲ್ಲ, ಅಲ್ಲ, ಬೇಡ, ಕೂಡದು ಎಂಬ ನಿಷೇಧಗಳನ್ನು ಬೇರೆ ಬೇರೆಯಾಗಿ ಬಳಸುವ ಕನ್ನಡಿಗರಿಗೆ ಇದು ಬೇಗ ಅರ್ಥವಾದೀತು. ವಿಬಿಸ್ಕ್ರಿಪ್ಟ್‌ನಲ್ಲಿ ಎಂಪ್ಟಿ, ನಲ್, ನಥಿಂಗ್ ಎಂದು ಮೂರು ಇಲ್ಲಗಳಿವೆ, ಜೆಸ್ಕ್ರಿಪ್ಟ್‌ನಲ್ಲಿ ಎರಡೇ. ಮೂವರು ಇಬ್ಬರ ಮನೆಗೆ ಬಂದರೆ ಯಾರೋ ಒಬ್ಬರಿಗೆ ಮಣೆ ಸಿಕ್ಕುವುದಿಲ್ಲ.

ವಿಂಡೋ-ಐಸ್‌ನ ಮಾರಾಟ 2017ರಲ್ಲಿ ನಿಂತಿತು. ವಿಬಿಸ್ಕ್ರಿಪ್ಟನ್ನು ಕ್ರಮೇಣ ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರಲ್ಲಿ ಸಾರಿತು. ಹಾಗೆಂದು ಹೊಸ್ತಿಲಿನ ಜಗಳ ತೀರಿತೆಂದಲ್ಲ. ಆಸ್ಟ್ರೇಲಿಯದ ಮೈಕೇಲ್ ಕರನ್ 2006ರಲ್ಲಿ ಆರಂಭಿಸಿದ, ಬೆಲೆಯಿಲ್ಲದೆ ದೊರೆಯುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಪೈಥಾನ್ ಭಾಷೆಯಲ್ಲಿದೆ. ಅದರೊಡನೆ ಬರುವ ಧ್ವನಿಯು ಕನ್ನಡವನ್ನೂ ಓದುತ್ತದೆ. ಅದು 2020ರ ಫೆಬ್ರವರಿಯಲ್ಲಿ ಹಳೆಯ ಪೈಥಾನ್‌ನಿಂದ ಮೂರನೆಯ ಪೈಥಾನ್‌ಗೆ ದಾಟಿದಾಗ, ಜನರು ಬರೆದಿದ್ದ ಜೋಡಣೆಗಳನ್ನೆಲ್ಲ ತಿದ್ದಬೇಕಾಯಿತು. ಹೆಸರು ಒಂದೇ ಆದರೂ ಅವು ಎರಡು ಭಾಷೆಗಳಂತೆಯೇ ನಡೆದುಕೊಂಡವು.

ಹದಡಿ ಎಂಬ ಹೆಸರನ್ನೇ ನೋಡಬಹುದು. ಓದುವವನಿಗೆ ಅದರಲ್ಲಿ 3 ಅಕ್ಷರಗಳು. ಡಕಾರದ ಗುಡಿಸನ್ನು ಬೇರೆಯಾಗಿ ಎಣಿಸುವ ಯೂನಿಕೋಡ್‌ಗೆ 4. ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕೂಡಿಡುವಾಗ ಒಂದೊಂದಕ್ಕೂ 3 ಬೈಟ್‌ಗಳಂತೆ 12. ಹಳೆಯ ಪೈಥಾನ್ ಸಾಮಾನ್ಯವಾಗಿ ಬೈಟ್‌ಗಳನ್ನು ಎಣಿಸಿತು. ಹೊಸದು ಯೂನಿಕೋಡ್ ಸಂಕೇತಗಳನ್ನು ಎಣಿಸುತ್ತದೆ. ಹಳೆಯದರಲ್ಲಿ ಬೈಟ್‌ಗಳ ಮಾಲೆಯನ್ನೂ ಯೂನಿಕೋಡ್ ಮಾಲೆಯನ್ನೂ ಕೂಡಿಸಿದರೆ, ಇಂಗ್ಲಿಷ್ ಮಾತ್ರವಿರುವವರೆಗೆ ತೊಂದರೆಯೇ ತೋರದು. ಬೈಟ್‌ಗಳಲ್ಲಿ ಕನ್ನಡದ ಒಂದಕ್ಷರ ಬಂದೊಡನೆ ಯಂತ್ರ ಮುಗ್ಗರಿಸುವುದು. ಫೋರ್ಟ್ ವೇನ್‌ನಲ್ಲಿಯೋ ಬ್ರಿಸ್ಬೇನ್‌ನಲ್ಲಿಯೋ ಪರೀಕ್ಷಿಸಿ ಸರಿಯೆಂದದ್ದು ಹದಡಿಯ ಹೆಸರೊಂದಕ್ಕೆ ಬಿದ್ದುಹೋಗುವುದು ಹೀಗೆ. ಮೂರನೆಯ ಪೈಥಾನ್ ಎರಡನ್ನೂ ಕೂಡಿಸಲು ಯಾವಾಗಲೂ ಒಪ್ಪುವುದಿಲ್ಲ. ಇಂಗ್ಲಿಷಿದ್ದರೂ ಸರಿಯೆ, ಒಡನೆ ದೋಷವನ್ನು ಸಾರುತ್ತದೆ. ಮೊದಮೊದಲು ಇದು ಹಟವೆಂದು ತೋರಿದರೂ, ಮೌನಕ್ಕಿಂತ ಹಟ ಮೇಲು.

ದಾವಣಗೆರೆಗೆ ನೆರೆಯ ಹರಿಹರದಲ್ಲಿ, ಹೊಯ್ಸಳರ ಕಾಲದ ಗುಡಿಯಲ್ಲಿ, ಒಂದೇ ಮೂರ್ತಿಯಲ್ಲಿ ಹರಿಯೂ ಹರನೂ ಇದ್ದಾರೆ. ಬಲಭಾಗ ಹರನದು, ಎಡಭಾಗ ಹರಿಯದು. ಇಬ್ಬರನ್ನೂ ಕಲಸಿ ಮೂರನೆಯವನನ್ನು ಮಾಡಲು ಶಿಲ್ಪಿಯು ಹೋಗಲಿಲ್ಲ. ಅವರವರ ಲಕ್ಷಣವನ್ನು ಅವರವರಿಗೆ ಉಳಿಸಿ, ಒಂದರ ಸೀಮೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಗುತ್ತದೆಂಬುದನ್ನು ನೋಡುವವರಿಗೆ ಬಿಟ್ಟುಕೊಟ್ಟನು. ಸ್ಕ್ರಿಪ್ಟ್ ಬರೆಯುವವನಿಗೂ ಅಷ್ಟೇ ವಿವೇಕ ಸಾಕು. ಎರಡು ಭಾಷೆಗಳು ಒಂದೇ ಎಂದು ನಟಿಸಬೇಕಾಗಿಲ್ಲ. ಸೀಮೆಯನ್ನು ಗುರುತಿಸಿ, ದಾಟುವುದನ್ನು ಪರೀಕ್ಷಿಸಿ, ಈಚೆ ಎಣಿಸಿದ್ದನ್ನು ಆಚೆಯೂ ಒಮ್ಮೆ ಎಣಿಸಿದರಾಯಿತು.

ಆ ಎಣಿಕೆಯನ್ನು ಬಾಯಿಬಿಟ್ಟು ಹೇಳಿಸುವುದು ಇನ್ನೂ ಉತ್ತಮ. ಪ್ರತಿ ಹೆಸರಿನೊಡನೆ ‘ಆರರಲ್ಲಿ ಒಂದು’, ‘ಆರರಲ್ಲಿ ಎರಡು’ ಎಂದು ಯಂತ್ರವು ನುಡಿದರೆ, ಐದಕ್ಕೇ ನಿಂತ ಪಟ್ಟಿಯು ತಾನಾಗಿಯೇ ಸಿಕ್ಕಿಬೀಳುತ್ತದೆ. ಏನೂ ಇಲ್ಲದ ದಿನ ಸುಮ್ಮನಿರದೆ ‘ಬಾಕಿದಾರರು ಯಾರೂ ಇಲ್ಲ’ ಎಂದು ಹೇಳಿದರೆ, ಮೌನಕ್ಕೆ ಒಂದೇ ಅರ್ಥ ಉಳಿಯುತ್ತದೆ: ಎಲ್ಲಿಯೋ ಏನೋ ಕೆಟ್ಟಿದೆ. ಬರೆಯುವವನಿಗೆ ಇದು ಒಂದೆರಡು ಸಾಲಿನ ಕೆಲಸ. ಕೇಳುವವನಿಗೆ, ತನ್ನ ಲೆಕ್ಕಕ್ಕೆ ತಾನೇ ಜವಾಬ್ದಾರನೆಂದು ಇನ್ನೊಬ್ಬರ ಕಣ್ಣಿನ ಹಂಗಿಲ್ಲದೆ ಹೇಳಿಕೊಳ್ಳುವ ಧೈರ್ಯ.