ಪರವಾಡದ ಜಾಲಿ ಬದುವಿನಲ್ಲಿ

ವಿಶಾಖಪಟ್ಟಣದ ಕಡೆಗೆ ಹೋದವರು ಕಡಲು ನೋಡುತ್ತಾರೆ, ಅರಕು ಕಣಿವೆ ಹತ್ತುತ್ತಾರೆ. ನಾನು ಹೋದದ್ದು ಜೀರ್ಜಿಂಬೆಗಾಗಿ. ವಿಜಯವಾಡದಲ್ಲಿ ರೈಲು ಕೃಷ್ಣೆಯನ್ನು ದಾಟಿದ್ದು ನಿದ್ದೆಯಲ್ಲೇ ಕಳೆಯಿತು. ಬೆಲ್ಲದ ಪೇಟೆಗೆ ಹೆಸರಾದ ಅನಕಾಪಲ್ಲಿಯಲ್ಲಿ ಇಳಿದಾಗ ತುಂತುರು ಮಳೆ. ಪರವಾಡಕ್ಕೆ ಆಟೊದವನು ಕೇಳಿದ ಬಾಡಿಗೆ ನ್ಯಾಯದ್ದಲ್ಲ. ಪರಊರಿನವರ ಮಾತು ಕಿವಿಗೆ ಬಿದ್ದೊಡನೆ ದರ ಏರಿಸುವ ಚಾಳಿ ನಮ್ಮ ಮೆಜೆಸ್ಟಿಕ್ಕಿನಲ್ಲೂ ಉಂಟು. ಎರಡೂ ಕಡೆ ತಪ್ಪೇ.

ಪರವಾಡವೆಂದರೆ ಈಗ ಸಿಂಹಾದ್ರಿ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು, ಫಾರ್ಮಾ ಸಿಟಿಯ ಕಾಂಪೌಂಡುಗಳು. ನಡುವೆ ಉಳಿದ ಬದುವೊಂದರಲ್ಲಿ ಮೇಕೆ ಮೇಯಿಸುತ್ತಿದ್ದ ಅಜ್ಜಿಯನ್ನು ಹರಕು ತೆಲುಗಿನಲ್ಲಿ ವಿಚಾರಿಸಿದೆ. "ಜೀರಂಗಿನಾ ಬಾಬೂ?" ಎಂದು ನಕ್ಕು, ಕೋಲಿನಿಂದ ಜಾಲಿಯ ಕೊಂಬೆ ಬಾಗಿಸಿದರು.

ಇತ್ತು! ಅಚ್ಚ ಹಸಿರು ಬೆನ್ನು, ಅದರ ತುಂಬ ಸಣ್ಣ ಗುಳಿಗಳು, ಕೆಲವು ಗುಳಿಗಳಲ್ಲಿ ಕೆನೆಬಣ್ಣದ ಪುಡಿ. ಎಲೆಯ ಅಂಚನ್ನು ಕಚ್ಚಿ ಕಚ್ಚಿ ತಿನ್ನುತ್ತಿತ್ತು. ಕೊಂಬೆ ಅಲುಗಿದ್ದೇ ತಡ, ಕಾಲು ಮಡಚಿ ಸತ್ತಂತೆ ಕೆಳಗೆ ಬಿತ್ತು. ಎತ್ತಿಕೊಂಡರೆ ಉಗುರುಗಳಿಂದ ಬೆರಳಿನ ಚರ್ಮವನ್ನೇ ಹಿಡಿದುಕೊಂಡಿತು.

1903ರ ದೆಹಲಿ ದರ್ಬಾರಿನಲ್ಲಿ ಲೇಡಿ ಕರ್ಜನ್ ತೊಟ್ಟ ನವಿಲುಗರಿ ಉಡುಪಿನಲ್ಲಿ ಗರಿಗಣ್ಣುಗಳಿಗೆ ಹೊಲಿದದ್ದು ಇಂಥ ಹುಳುಗಳ ರೆಕ್ಕೆಕವಚವನ್ನೇ. ಆ ಹಸಿರು ಇಂದಿಗೂ ಮಾಸಿಲ್ಲ. ಅದು ಬಳಿದ ಬಣ್ಣವಲ್ಲ, ಕವಚದ ತೆಳು ಪದರಗಳಿಂದ ಬೆಳಕು ಚಿಮ್ಮಿ ಹುಟ್ಟುವ ಹೊಳಪು.

ಆದರೆ ನನ್ನ ಮನಸ್ಸು ಹಿಡಿದಿಟ್ಟದ್ದು ಆ ಹೊಳಪಲ್ಲ, ಅದಕ್ಕೂ ಮೊದಲಿನ ಕತ್ತಲು. ಉತ್ತರ ಅಮೆರಿಕದ ಪಶ್ಚಿಮದಲ್ಲಿ ಇದರ ಬಂಧು, ಚಿನ್ನದ ಮೆರುಗಿನ ಬ್ಯುಪ್ರೆಸ್ಟಿಸ್ ಆರುಲೆಂಟಾ, ಪೈನ್ ಮತ್ತು ಡಗ್ಲಸ್ ಫರ್ ಮರಗಳ ಒಳಗೆ ಮರಿಹುಳುವಾಗಿ ಬೆಳೆಯುತ್ತದೆ. ಆ ಮರ ಮನೆಯ ತೊಲೆಯಾದರೆ, ಒಣಗಿದ ದಿಮ್ಮಿಯಲ್ಲಿ ಅದರ ಬೆಳವಣಿಗೆ ಕುಂಟುತ್ತದೆ. 51 ವರ್ಷದ ಮೇಲೆ ಹೊರಬಂದ ದಾಖಲೆಯೂ ಇದೆ. ನಮ್ಮ ಜೀರ್ಜಿಂಬೆಗೆ ಮರದ ದಿಮ್ಮಿಯಿಲ್ಲ. ಮೊಟ್ಟೆ ನೆಲಕ್ಕೆ ಬೀಳುತ್ತದೆ, ಮರಿ ಮಣ್ಣಿನಲ್ಲಿ ಬೇರು ತಿಂದು ಬೆಳೆಯುತ್ತದೆ, ಮಳೆಗಾಲದ ಕೆಲವೇ ವಾರ ರೆಕ್ಕೆ ಬಿಚ್ಚಿ ಬದುಕುತ್ತದೆ. ಹೀಗಾಗಿ ಬದು ಸಮ ಮಾಡುವ ಜೇಸಿಬಿ ಅಗೆದು ಹಾಕುವುದು ಜಾಲಿಯನ್ನಷ್ಟೇ ಅಲ್ಲ, ಮುಂದಿನ ಮಳೆಗೆ ಏಳಬೇಕಾದ ಹುಳುಗಳನ್ನೂ. ಬೇಲಿಯಾಚೆ ನೆಟ್ಟ ಅಲಂಕಾರದ ಗಿಡಗಳು ಆ ನಷ್ಟ ತುಂಬಿಕೊಡುವುದಿಲ್ಲ. ಪರಿಸರದ ಲೆಕ್ಕ ಬರೆಯುವವರು ನೆಲದಡಿಯ ಬದುಕನ್ನೂ ಸೇರಿಸಲಿ ಎಂಬುದು ನನ್ನ ಹಟ.

ಹುಳುವನ್ನು ಕೊಂಬೆಗೆ ಮರಳಿಸಿದೆ. "ಈ ಬದುವೂ ಮಾರಾಟವಾಯಿತು ಬಾಬೂ, ದಸರಾ ಹೊತ್ತಿಗೆ ಸಮ ಮಾಡ್ತಾರಂತೆ" ಎಂದರು ಅಜ್ಜಿ. ಮೇಕೆಗಳ ಗತಿ ಏನೆಂದು ಕೇಳಿದೆ.

"ಅವನ್ನೂ ಮಾರೋದೇ."